ಬೆನ್ನುಹುರಿ ಸೊಂಟಕ್ಕೆ ಬರುವ ಮೊದಲೇ ಮುಗಿಯುತ್ತದೆಯೇ? ಅಮ್ಮನ ಸ್ಕ್ಯಾನ್ ವರದಿಯಿಂದ ಹುಟ್ಟಿದ ಪ್ರಶ್ನೆ

ದಾವಣಗೆರೆಯ ಕಿರಿಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 62 ವರ್ಷ. ಎರಡೂ ಮಂಡಿಗಳು ಸವೆದಿದ್ದು, ಬಲ ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಮುಂದಿನ ತಿಂಗಳು ನಿಗದಿಯಾಗಿದೆ. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುತ್ತೇವೆ ಎಂದು ವೈದ್ಯರು ಹೇಳಿದ ದಿನದಿಂದ ಅಮ್ಮ ಬೇಡವೆಂದು ಹಠ ಹಿಡಿದಿದ್ದಾರೆ. ಹನ್ನೊಂದು ವರ್ಷಗಳ ಹಿಂದೆ ಅಕ್ಕನಿಗೆ ಸಿಸೇರಿಯನ್ ಆದಾಗ ಇದೇ ಸೂಜಿಯನ್ನು ಕೊಟ್ಟಿದ್ದರು, ಅಂದಿನಿಂದ ಅವಳ ಬೆನ್ನುನೋವು ಬಿಟ್ಟಿಲ್ಲ ಎನ್ನುವುದು ಅವರ ವಾದ. ‘ಬೆನ್ನಿನ ನರಕ್ಕೆ ಚುಚ್ಚಿದರೆ ಕಾಲೇ ಹೋದೀತು’ ಎಂದು ನೆರೆಮನೆಯವರೂ ತಮ್ಮ ಪಾಲಿನದನ್ನು ಸೇರಿಸಿದ್ದಾರೆ.

ಅಮ್ಮನ ಹಳೆಯ ಎಂಆರ್‌ಐ ವರದಿಯನ್ನು ಹುಡುಕಿ ಓದಿದಾಗ ನನ್ನ ಗೊಂದಲ ಇನ್ನೂ ಹೆಚ್ಚಾಯಿತು. ಎಲ್4–ಎಲ್5 ಮಟ್ಟದಲ್ಲಿ ಡಿಸ್ಕ್ ಉಬ್ಬಿದೆ ಎಂದು ಅದರಲ್ಲಿದೆ. ಕೊನೆಯಲ್ಲಿ, ಬೆನ್ನುಹುರಿಯ ತುದಿ ಎಲ್1 ಮಟ್ಟದಲ್ಲಿ ಮುಗಿದಿದೆ, ಸಹಜವಾಗಿದೆ ಎಂದೂ ಇದೆ. ಸೊಂಟದಲ್ಲಿ ಐದು ಮೂಳೆಗಳಿದ್ದರೆ ಮೊದಲನೆಯದರಲ್ಲೇ ಹುರಿ ಮುಗಿಯುವುದು ಹೇಗೆ ಸಹಜ? ಹಾಗಾದರೆ ಕಾಲುಗಳಿಗೆ ಸುದ್ದಿ ಹೋಗುವುದು ಯಾವ ದಾರಿಯಿಂದ? ನಾನು ವಾಣಿಜ್ಯ ಓದಿದವಳು, ಜೀವಶಾಸ್ತ್ರ ಹತ್ತನೆಯ ತರಗತಿಗೇ ನಿಂತುಹೋಯಿತು. ಚಿಕಿತ್ಸೆಯ ಸಲಹೆಯನ್ನು ನಾನು ಕೇಳುತ್ತಿಲ್ಲ, ಅದಕ್ಕೆ ನಮ್ಮ ವೈದ್ಯರಿದ್ದಾರೆ. ಬೆನ್ನಿನೊಳಗೆ ಏನೇನಿದೆ ಎಂಬುದನ್ನು ಅಮ್ಮನಿಗೆ ಹೇಳಬಲ್ಲಷ್ಟು ತಿಳಿದುಕೊಳ್ಳಬೇಕಾಗಿದೆ.

ನಿವೃತ್ತ ಅಂಗರಚನಾ ಬೋಧಕ

ಕಿರಿಮಗಳೇ, ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಬೆರಳಿಟ್ಟಿದೆ. ವೈದ್ಯಕೀಯ ಮೊದಲ ವರ್ಷದ ವಿದ್ಯಾರ್ಥಿಗಳೂ ಇಲ್ಲಿಯೇ ಎಡವುತ್ತಾರೆ ಎಂಬುದನ್ನು ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳಬಲ್ಲೆ.

ಮೊದಲಿಗೆ ‘ನರ’ ಎಂಬ ನಮ್ಮ ಪದವನ್ನೇ ಸ್ವಲ್ಪ ಬಿಡಿಸಿಕೊಳ್ಳಬೇಕು. ಮನೆಮಾತಿನಲ್ಲಿ ನಾವು ರಕ್ತನಾಳವನ್ನೂ ನರ ಎನ್ನುತ್ತೇವೆ. ಕೈಗೆ ಡ್ರಿಪ್ ಹಾಕುವ ದಾದಿ ‘ನರ ಸಿಗುತ್ತಿಲ್ಲ’ ಎನ್ನುವುದು ಅಭಿಧಮನಿಯ ಬಗ್ಗೆ. ಹಿಮ್ಮಡಿಯ ಹಿಂದಿನ ಗಟ್ಟಿ ಸ್ನಾಯುರಜ್ಜುವೂ ನರ, ಕತ್ತು ಉಳುಕಿದಾಗ ಹಿಡಿದುಕೊಳ್ಳುವ ಸ್ನಾಯುವೂ ನರ. ಬೆನ್ನಿನ ವಿಷಯಕ್ಕೆ ಬಂದಾಗ ಮೂಳೆಗಳ ಸಾಲು, ಅದರೊಳಗಿನ ಹುರಿ, ಹುರಿಯಿಂದ ಹೊರಡುವ ಎಳೆಗಳು, ಈ ಮೂರನ್ನೂ ಒಂದೇ ಮಾತಿನಲ್ಲಿ ಸುತ್ತಿಬಿಡುತ್ತೇವೆ. ನಿಮ್ಮ ನೆರೆಮನೆಯವರ ಭಯ ಹುಟ್ಟಿರುವುದೂ ಆ ಸುತ್ತಿನಲ್ಲೇ.

ಮೂಳೆಗಳ ಸಾಲು ಎಂದರೆ ಕಶೇರುಗಳು ಒಂದರ ಮೇಲೊಂದು ಕುಳಿತ ಕಂಬ. ಕತ್ತಿನಲ್ಲಿ 7, ಎದೆಯ ಮಟ್ಟದಲ್ಲಿ 12, ಸೊಂಟದಲ್ಲಿ 5; ಅದರ ಕೆಳಗೆ ಬೆಸೆದುಕೊಂಡ 5 ಸೇರಿ ತ್ರಿಕಾಸ್ಥಿ, ಕೊನೆಯಲ್ಲಿ ಸಾಮಾನ್ಯವಾಗಿ 4 ಪುಟ್ಟ ತುಂಡುಗಳ ಬಾಲದ ಮೂಳೆ, ಒಟ್ಟು 33. ವರದಿಯಲ್ಲಿರುವ ‘ಎಲ್’ ಸೊಂಟದ ಮೂಳೆಗಳ ಗುರುತು. ಪ್ರತಿ ಕಶೇರುವಿಗೂ ಮುಂದುಗಡೆ ಭಾರ ಹೊರುವ ದಪ್ಪ ದಿಮ್ಮಿಯಂಥ ಭಾಗ, ಹಿಂದುಗಡೆ ಒಂದು ಕಮಾನು ಇರುತ್ತವೆ. ಬೆನ್ನ ನಡುವೆ ಕೈಯಾಡಿಸಿದಾಗ ಸಿಗುವ ಗಂಟುಗಳು ಆ ಕಮಾನಿನಿಂದ ಹಿಂದಕ್ಕೆ ಚಾಚಿದ ಮುಳ್ಳುಗಳು. ಕಮಾನುಗಳೆಲ್ಲ ಸಾಲಾಗಿ ನಿಂತಾಗ ಒಳಗೆ ಒಂದು ಸುರಂಗವಾಗುತ್ತದೆ, ಹುರಿ ಇರುವುದು ಅಲ್ಲಿ.

ವಯಸ್ಕ ಗಂಡಸಿನಲ್ಲಿ ಈ ಕಂಬದ ಉದ್ದ ಸುಮಾರು 70 ಸೆಂಟಿಮೀಟರ್, ಆದರೆ ಬೆನ್ನುಹುರಿಯ ಉದ್ದ ಸುಮಾರು 45 ಸೆಂಟಿಮೀಟರ್ ಮಾತ್ರ; ಹೆಂಗಸರಲ್ಲಿ ಎರಡೂ ಸ್ವಲ್ಪ ಕಡಿಮೆ. ದಪ್ಪ ಹೆಚ್ಚೆಂದರೆ ಕಿರುಬೆರಳಿನಷ್ಟು, ತೂಕ 35 ಗ್ರಾಂ ಆಸುಪಾಸು. ಹುರಿ ಮೊಟಕಾಗಿರುವುದಕ್ಕೆ ಕಾರಣ ಗರ್ಭದಲ್ಲಿದೆ. ಮೂರನೆಯ ತಿಂಗಳವರೆಗೆ ಭ್ರೂಣದ ಹುರಿಯೂ ಸುರಂಗವೂ ಸರಿಸಮ ಉದ್ದವಾಗಿರುತ್ತವೆ. ಆಮೇಲೆ ಮೂಳೆಗಳು ಬೇಗಬೇಗ ಬೆಳೆಯುತ್ತವೆ, ಹುರಿ ಅಷ್ಟು ಬೆಳೆಯುವುದಿಲ್ಲ. ಮೇಲ್ತುದಿ ಮೆದುಳಿಗೆ ಅಂಟಿಕೊಂಡಿರುವುದರಿಂದ ಕೆಳತುದಿ ಮೇಲಕ್ಕೆ ಸರಿದಂತಾಗುತ್ತದೆ. ಹುಟ್ಟುವಾಗ ಅದು ಸೊಂಟದ ಎರಡನೆಯ ಅಥವಾ ಮೂರನೆಯ ಮೂಳೆಯ ಮಟ್ಟದಲ್ಲಿರುತ್ತದೆ, ಬೆಳೆದ ಮೇಲೆ ಹೆಚ್ಚಿನವರಲ್ಲಿ ಎಲ್1ರ ಕೆಳಂಚು ಅಥವಾ ಎಲ್1–ಎಲ್2ರ ನಡುವೆ ನಿಲ್ಲುತ್ತದೆ. ನಿಮ್ಮ ತಾಯಿಯ ವರದಿ ಹೇಳುತ್ತಿರುವುದು ಇಷ್ಟೇ.

ಹಾಗಾದರೆ ಕಾಲಿನ ದಾರಿ ಯಾವುದು? ಕಾಲಿಗೆ ಹೋಗಬೇಕಾದ ನರಬೇರುಗಳು ಹುರಿಯಿಂದ ಮೇಲೆಯೇ ಹೊರಡುತ್ತವೆ. ಆದರೆ ಅವು ಸುರಂಗದಿಂದ ಹೊರಬೀಳಬೇಕಾದ ಕಿಂಡಿ ಬೆಳವಣಿಗೆಯ ಜೊತೆ ಕೆಳಕ್ಕೆ ಹೋಗಿಬಿಟ್ಟಿರುತ್ತದೆ. ಆದ್ದರಿಂದ ಅವು ಸುರಂಗದೊಳಗೇ ಉದ್ದಕ್ಕೆ ಇಳಿದು, ತಮ್ಮ ತಮ್ಮ ಕಿಂಡಿ ಬಂದಾಗ ಹೊರಗೆ ತಿರುಗುತ್ತವೆ. ಹುರಿಯ ತುದಿಯಿಂದ ಜೋಲುವ ಈ ಎಳೆಗಳ ಕಟ್ಟು ನೋಡಲು ಥೇಟ್ ಕುದುರೆಯ ಬಾಲ. ಹಳೆಯ ಅಂಗರಚನಾಕಾರರು ಲ್ಯಾಟಿನ್‌ನಲ್ಲಿ ಅದಕ್ಕೆ ಇಟ್ಟ ‘ಕಾಡಾ ಇಕ್ವೈನಾ’ ಎಂಬ ಹೆಸರಿನ ಅರ್ಥವೂ ಅದೇ. ಮೊದಲ ಬಾರಿ ಛೇದನದ ಮೇಜಿನ ಮೇಲೆ ಪೊರೆಯನ್ನು ಸೀಳಿ ಇದನ್ನು ತೋರಿಸಿದಾಗ, ಇಡೀ ತರಗತಿಯಲ್ಲಿ ಮಾತು ನಿಂತುಹೋಗುತ್ತಿತ್ತು.

ಹುಬ್ಬಳ್ಳಿಯ ಅರಿವಳಿಕೆ ವೈದ್ಯೆ

ಬೋಧಕರು ಹೇಳಿದ ಆ ಕುದುರೆಬಾಲವೇ ನಮ್ಮ ಕೆಲಸದ ಆಧಾರ. ನಾವು ಸೂಜಿ ಹಾಕುವುದು ಸಾಮಾನ್ಯವಾಗಿ ಎಲ್3–ಎಲ್4 ಅಥವಾ ಎಲ್4–ಎಲ್5ರ ನಡುವೆ, ಅಂದರೆ ಹುರಿ ಮುಗಿದು ಎರಡು ಮೂರು ಮೂಳೆಗಳಷ್ಟು ಕೆಳಗೆ. ಜಾಗವನ್ನು ಗುರುತಿಸುವ ಉಪಾಯ ಹಳೆಯದು, ಸರಳವಾದದ್ದು. ಸೊಂಟದ ಎರಡೂ ಬದಿಯ ಮೂಳೆಗಳ ಮೇಲಂಚನ್ನು ಕೈಯಿಂದ ಮುಟ್ಟಿ, ಅವೆರಡನ್ನು ಸೇರಿಸುವ ಗೆರೆಯೊಂದನ್ನು ಊಹಿಸಿಕೊಂಡರೆ ಅದು ನಾಲ್ಕನೆಯ ಸೊಂಟದ ಮೂಳೆಯ ಮೇಲೆ ಅಥವಾ ಅದರ ಕೆಳಗಿನ ಸಂದಿನ ಮೇಲೆ ಹಾಯುತ್ತದೆ. ಪ್ಯಾರಿಸ್ಸಿನ ಶಸ್ತ್ರವೈದ್ಯ ಟುಫಿಯೇ ಅವರ ಹೆಸರಿನಲ್ಲಿ ಆ ಗೆರೆ ಪ್ರಸಿದ್ಧವಾಗಿದೆ. ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು: ಕೈಯಿಂದ ಮುಟ್ಟಿ ಎಣಿಸುವಾಗ ನಾವು ಒಂದು ಮಟ್ಟ ಮೇಲಕ್ಕೆ ತಪ್ಪುವುದು ಅಪರೂಪವಲ್ಲ, ಸ್ಥೂಲಕಾಯದವರಲ್ಲಿ ಇನ್ನೂ ಹೆಚ್ಚು. ಕೆಲವರಲ್ಲಿ ಹುರಿಯೂ ಎಲ್2ರವರೆಗೆ ಇಳಿದಿರುತ್ತದೆ. ಈ ಎರಡೂ ಒಟ್ಟಿಗೆ ಬಂದರೂ ಅಪಾಯವಾಗಬಾರದೆಂದೇ ನಾವು ಅಷ್ಟು ಕೆಳಗಿನ ಸಂದನ್ನು ಆರಿಸಿಕೊಳ್ಳುವುದು.

ರೋಗಿಯನ್ನು ಮುಂದಕ್ಕೆ ಬಾಗಿ ಕುಳ್ಳಿರಿಸಿ, ಗದ್ದವನ್ನು ಎದೆಗೆ ತಾಗಿಸಿ ಎನ್ನುವುದು ಯಾಕೆಂದು ಹಲವರು ಕೇಳುತ್ತಾರೆ. ಬೆನ್ನು ಬಿಲ್ಲಿನಂತೆ ಬಾಗಿದಾಗ ಮುಳ್ಳುಗಳ ನಡುವಿನ ಸಂದು ಅಗಲವಾಗುತ್ತದೆ. ಸೂಜಿ ಚರ್ಮ ಮತ್ತು ಕೊಬ್ಬನ್ನು ದಾಟಿ, ಮುಳ್ಳುಗಳನ್ನು ಕಟ್ಟಿಹಿಡಿದ ಅಸ್ಥಿರಜ್ಜುಗಳ ನಡುವೆ ಹೋಗಿ, ಹಳದಿ ಬಣ್ಣದ ಇನ್ನೊಂದು ಗಟ್ಟಿ ರಜ್ಜುವನ್ನು ಹಾಯುತ್ತದೆ. ಆಮೇಲೆ ಸಿಗುವುದು ‘ಡ್ಯೂರಾ’ ಎಂಬ ದಪ್ಪ ಪೊರೆ. ಅದನ್ನು ದಾಟುವಾಗ ಬೆರಳ ತುದಿಗೆ ಸಣ್ಣದೊಂದು ಸಡಿಲಿಕೆ ತಿಳಿಯುತ್ತದೆ. ಅದರೊಳಗೆ ಜೇಡರ ಬಲೆಯಂಥ ತೆಳುಪೊರೆ, ಅದರ ಒಳಗೆ ತಿಳಿನೀರಿನಂಥ ದ್ರವ. ಸೂಜಿಯ ಹಿಂತುದಿಯಲ್ಲಿ ಆ ದ್ರವದ ಹನಿ ಕಂಡರೆ ಸರಿಯಾದ ಜಾಗಕ್ಕೆ ತಲುಪಿದ್ದೇವೆ ಎಂದರ್ಥ. ನರಬೇರುಗಳು ಆ ದ್ರವದಲ್ಲಿ ತೇಲುತ್ತಿರುವುದರಿಂದ, ಅರ್ಧ ಮಿಲಿಮೀಟರ್ ದಪ್ಪದ ಸೂಜಿ ಬಂದಾಗ ಸಾಮಾನ್ಯವಾಗಿ ಪಕ್ಕಕ್ಕೆ ಸರಿದುಕೊಳ್ಳುತ್ತವೆ. ಬಾವಿಗೆ ಬಿಟ್ಟ ಹಗ್ಗಗಳ ನಡುವೆ ಕೋಲು ಇಳಿಸಿದಂತೆ ಎಂದು ನಾನು ರೋಗಿಗಳಿಗೆ ಹೇಳುವುದುಂಟು. ಎಲ್ಲಾದರೂ ಒಂದು ಎಳೆ ತಾಗಿದರೆ ಕಾಲಿನಲ್ಲಿ ಮಿಂಚು ಹೊಡೆದಂತಾಗುತ್ತದೆ. ರೋಗಿ ಎಚ್ಚರವಾಗಿರುವುದರಿಂದ ಕೂಡಲೇ ಹೇಳುತ್ತಾರೆ, ನಾವು ಸೂಜಿಯನ್ನು ಹಿಂದಕ್ಕೆಳೆಯುತ್ತೇವೆ. ನರಕ್ಕೆ ಉಳಿಯುವಂಥ ಹಾನಿ ಆಗುವುದೇ ಇಲ್ಲವೆಂದು ಯಾವ ಅರಿವಳಿಕೆ ವೈದ್ಯರೂ ಬರೆದುಕೊಡಲಾರರು, ಆದರೆ ಅದು ಬಹಳ ವಿರಳ.

ಒಳಗೆ ಬಿಡುವ ಔಷಧ ಎರಡು ಮೂರು ಮಿಲಿಲೀಟರ್ ಮಾತ್ರ. ಅದರಲ್ಲಿ ಗ್ಲೂಕೋಸ್ ಬೆರೆಸಿರುವುದರಿಂದ ಅದು ಸುತ್ತಲಿನ ದ್ರವಕ್ಕಿಂತ ಭಾರವಾಗಿ ಕೆಳಗೆ ಕೂರುತ್ತದೆ. ಮೇಜನ್ನು ಓರೆ ಮಾಡಿ ಅದು ಎಲ್ಲಿಯವರೆಗೆ ಏರಬೇಕೆಂಬುದನ್ನು ನಾವು ನಿಯಂತ್ರಿಸುತ್ತೇವೆ. ತೆಳುವಾದ ನರತಂತುಗಳು ಮೊದಲು ಮಲಗುತ್ತವೆ, ದಪ್ಪನೆಯವು ಆಮೇಲೆ. ಆದ್ದರಿಂದಲೇ ನಿಮ್ಮ ತಾಯಿಗೆ ಮೊದಲು ಕಾಲು ಬೆಚ್ಚಗಾದಂತೆ ಅನ್ನಿಸುತ್ತದೆ, ಅನಂತರ ಜೋಮು, ಕೊನೆಗೆ ಕಾಲು ಎತ್ತಲಾಗದ ಸ್ಥಿತಿ. ನೋವು ಪೂರ್ತಿ ಹೋದರೂ ಯಾರೋ ಕಾಲನ್ನು ಹಿಡಿದು ಎಳೆದಂತೆ ಅನ್ನಿಸಬಹುದು, ಅದಕ್ಕೆ ಹೆದರಬೇಕಾಗಿಲ್ಲ.

ಮೂರು ಮಕ್ಕಳ ತಾಯಿ

ವೈದ್ಯೆಯವರು ಕ್ಷಮಿಸಬೇಕು. ನನಗೂ ಎರಡು ಸಿಸೇರಿಯನ್ ಆಗಿವೆ, ನನಗೂ ಬೆನ್ನುನೋವಿದೆ, ಸೂಜಿ ಚುಚ್ಚಿದ ಜಾಗ ಇಂದಿಗೂ ಚಳಿಗಾಲದಲ್ಲಿ ಸೆಳೆಯುತ್ತದೆ. ಆಸ್ಪತ್ರೆಯಲ್ಲಿ ಕೇಳಿದಾಗಲೆಲ್ಲ ‘ಅದೆಲ್ಲ ನಿಮ್ಮ ಕಲ್ಪನೆ’ ಎಂದು ನಕ್ಕು ಕಳಿಸಿದ್ದಾರೆ. ಅಂಗರಚನೆ ಎಷ್ಟೇ ಚೆಂದವಾಗಿದ್ದರೂ ನೋವು ನನ್ನದಲ್ಲವೇ?

ಹುಬ್ಬಳ್ಳಿಯ ಅರಿವಳಿಕೆ ವೈದ್ಯೆ

ನೋವು ನಿಮ್ಮದೇ, ಅದು ಕಲ್ಪನೆಯಲ್ಲ. ಹಾಗೆ ನಕ್ಕು ಕಳಿಸಿದವರದು ತಪ್ಪು. ಸೂಜಿ ಹೋದ ಜಾಗದಲ್ಲಿ ಕೆಲವು ದಿನ ನೋವಿರುವುದು ಸಹಜ, ಏಕೆಂದರೆ ಅಲ್ಲಿನ ರಜ್ಜುವಿಗೂ ಸ್ನಾಯುವಿಗೂ ಚುಚ್ಚಿದ ಗಾಯವಾಗಿರುತ್ತದೆ. ಆದರೆ ವರ್ಷಗಟ್ಟಲೆ ಉಳಿಯುವ ಬೆನ್ನುನೋವಿನ ವಿಷಯದಲ್ಲಿ, ಬೆನ್ನಿಗೆ ಚುಚ್ಚುಮದ್ದು ಪಡೆದ ಬಾಣಂತಿಯರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಎರಡೂ ಗುಂಪಿನವರಿಗೆ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಂಡಿದೆ. ಗರ್ಭ ಬೆಳೆದಂತೆ ಸೊಂಟದ ಬಾಗು ಹೆಚ್ಚುತ್ತದೆ, ಹೊಟ್ಟೆಯ ಸ್ನಾಯುಗಳು ಸಡಿಲವಾಗುತ್ತವೆ, ಹಾರ್ಮೋನುಗಳಿಂದ ಕೀಲುಗಳ ರಜ್ಜುಗಳು ಮೆತ್ತಗಾಗುತ್ತವೆ, ಆಮೇಲೆ ಮಗುವನ್ನು ಬಾಗಿ ಎತ್ತುವ, ಬಗ್ಗಿ ಹಾಲೂಡಿಸುವ ವರ್ಷಗಳು. ಇವುಗಳಲ್ಲಿ ಯಾವುದೂ ಒಂದು ಗಳಿಗೆಯಲ್ಲಿ ನಡೆಯುವುದಿಲ್ಲವಾದ್ದರಿಂದ ನೆನಪಿನಲ್ಲಿ ಉಳಿಯುವುದಿಲ್ಲ. ಸೂಜಿ ಮಾತ್ರ ದಿನಾಂಕ ಸಮೇತ ಉಳಿಯುತ್ತದೆ. ದಯವಿಟ್ಟು ಒಮ್ಮೆ ಯಾರಿಂದಲಾದರೂ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ.

ಸೂಜಿಯಿಂದಲೇ ಬರುವ ತೊಂದರೆಯೊಂದು ನಿಜವಾಗಿ ಇದೆ, ಅದು ತಲೆನೋವು. ಅದರ ಇತಿಹಾಸವೂ ಸ್ವಾರಸ್ಯಕರವಾಗಿದೆ. ಸೊಂಟದ ಮೂಲಕ ದ್ರವವನ್ನು ತೆಗೆಯುವ ಕ್ರಮವನ್ನು ಜರ್ಮನಿಯ ಕೀಲ್ ನಗರದಲ್ಲಿ ಹೈನ್ರಿಕ್ ಕ್ವಿಂಕೆ 1891ರಲ್ಲಿ ರೂಢಿಗೆ ತಂದರು. ಅದೇ ಊರಿನಲ್ಲಿ 1898ರ ಆಗಸ್ಟ್‌ನಲ್ಲಿ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಅದೇ ದಾರಿಯಿಂದ ಕೊಕೇನ್ ಕೊಟ್ಟು ರೋಗಿಯೊಬ್ಬನ ಕಾಲಿಗೆ ಶಸ್ತ್ರಕ್ರಿಯೆ ಮಾಡಿದರು. ಕೆಲವೇ ದಿನಗಳಲ್ಲಿ, ತಮ್ಮ ಮೇಲೂ ಇದನ್ನು ನೋಡಬೇಕೆಂದು ಸಹಾಯಕ ಹಿಲ್ಡೆಬ್ರಾಂಟ್ ಅವರ ಕೈಯಿಂದ ಚುಚ್ಚಿಸಿಕೊಂಡರು. ಪಿಚಕಾರಿ ಸೂಜಿಗೆ ಹೊಂದಿಕೊಳ್ಳದೆ ಸಾಕಷ್ಟು ದ್ರವ ಸೋರಿಹೋಯಿತು. ಆಮೇಲೆ ಸಹಾಯಕನ ಸರದಿ. ಅವರ ಕಾಲು ಮರಗಟ್ಟಿದ ಮೇಲೆ ಮೊಣಕಾಲಿನ ಕೆಳಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರೂ ನೋವಾಗಲಿಲ್ಲ. ಬಿಯರ್ ಅವರಿಗೆ ಆಮೇಲೆ ಎದ್ದು ಕುಳಿತರೆ ತಲೆ ಸಿಡಿಯುವುದು, ಮಲಗಿದರೆ ಇಳಿಯುವುದು ಹೀಗೆ ಕೆಲವು ದಿನ ಕಾಡಿತು. ಈ ತಲೆನೋವು ಯಾಕೆ ಬರುತ್ತದೆ ಎಂಬುದನ್ನು ಬೋಧಕರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು

ನಡುವೆ ಬಾಯಿ ಹಾಕುತ್ತಿದ್ದೇನೆ. ಮಕ್ಕಳಿಗೆ ನಾನು ಪ್ರತಿ ವರ್ಷ ಕಲಿಸುವ ಚಿತ್ರದಲ್ಲಿ ಮೆದುಳುಬಳ್ಳಿ ಬಾಲದವರೆಗೂ ಒಂದೇ ದಪ್ಪದಲ್ಲಿ ಇಳಿದಿರುತ್ತದೆ, ಇಂದಿನಿಂದ ಅದನ್ನು ತಿದ್ದುತ್ತೇನೆ. ಮೂಳೆಗಳು 33 ಇರುವುದರಿಂದ ಬಳ್ಳಿಯಿಂದ ಹೊರಡುವ ನರಗಳೂ 33 ಜೊತೆ ತಾನೆ? ಇನ್ನೊಂದು ಸಂಶಯವಿದೆ. ನಿಮ್ಹಾನ್ಸ್‌ನ ಮೆದುಳಿನ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಕೈಯಲ್ಲಿ ಹಿಡಿದ ಮೆದುಳು ರಬ್ಬರಿನಂತೆ ಗಟ್ಟಿಯಾಗಿತ್ತು. ತಲೆಯೊಳಗೂ ಅದು ಹಾಗೆಯೇ ಇರುತ್ತದೆಯೇ?

ಹಳೆಯ ನಿಘಂಟುಪ್ರಿಯ

ಮೆದುಳುಬಳ್ಳಿ ಸರಿಯೋ ಬೆನ್ನುಹುರಿ ಸರಿಯೋ ಎಂದು ನಾನು ಜಗಳ ತೆಗೆಯುವುದಿಲ್ಲ, ಎರಡೂ ಬಳಕೆಯಲ್ಲಿವೆ. ಆದರೂ ಬಳ್ಳಿ ನೆಲದಿಂದ ಮೇಲಕ್ಕೆ ಹಬ್ಬುವಂಥದ್ದು, ಇಲ್ಲಿ ವಿವರಿಸಿರುವುದು ಮೇಲಿನಿಂದ ಇಳಿಬಿದ್ದು ಕೊನೆಯಲ್ಲಿ ಎಳೆಎಳೆಯಾಗಿ ಬಿಚ್ಚಿಕೊಂಡದ್ದು. ಹುರಿಗೇ ನನ್ನ ಮತ.

ನಿವೃತ್ತ ಅಂಗರಚನಾ ಬೋಧಕ

ಮೇಷ್ಟ್ರೇ, ನರಗಳು 33 ಅಲ್ಲ, 31 ಜೊತೆ: ಕತ್ತಿನಲ್ಲಿ 8, ಎದೆಯಲ್ಲಿ 12, ಸೊಂಟದಲ್ಲಿ 5, ತ್ರಿಕದಲ್ಲಿ 5, ಬಾಲದಲ್ಲಿ 1. ಕತ್ತಿನ ಮೂಳೆ 7 ಇದ್ದು ನರ 8 ಆಗುವುದಕ್ಕೆ ಕಾರಣ, ಮೊದಲನೆಯ ನರ ಮೊದಲನೆಯ ಮೂಳೆಯ ಮೇಲಿನಿಂದ ಹೊರಬೀಳುತ್ತದೆ. ಕತ್ತಿನ ಉಳಿದ ನರಗಳೂ ತಮ್ಮ ಸಂಖ್ಯೆಯ ಮೂಳೆಯ ಮೇಲಿನ ಕಿಂಡಿಯಿಂದಲೇ ಹೋಗುತ್ತವೆ. ಏಳನೆಯ ಮೂಳೆಯ ಕೆಳಗಿನ ಕಿಂಡಿಗೆ ಮೂಳೆಯ ಹೆಸರಿಲ್ಲದ ಎಂಟನೆಯ ನರ ಉಳಿಯುತ್ತದೆ. ಅಲ್ಲಿಂದ ಮುಂದೆ ಪ್ರತಿ ನರವೂ ತನ್ನ ಮೂಳೆಯ ಕೆಳಗಿನಿಂದ ಹೊರಡುತ್ತದೆ.

ನೀವು ಹಿಡಿದದ್ದು ಫಾರ್ಮಾಲಿನ್‌ನಲ್ಲಿ ನೆನೆದು ಗಟ್ಟಿಯಾದ ಮೆದುಳು. ಜೀವಂತ ಮೆದುಳು ಹಸುವಿನ ಗಿಣ್ಣಿನಷ್ಟೇ ಮೆತ್ತಗಿರುತ್ತದೆ, ಮೇಜಿನ ಮೇಲಿಟ್ಟರೆ ತನ್ನ ಭಾರಕ್ಕೆ ತಾನೇ ಚಪ್ಪಟೆಯಾದೀತು. ಸುಮಾರು 1400 ಗ್ರಾಂ ತೂಗುವ ಅಂಥ ವಸ್ತು ಬುರುಡೆಯೊಳಗೆ ಆಕಾರ ಉಳಿಸಿಕೊಂಡಿರುವುದು ಅದು ತೇಲುತ್ತಿರುವುದರಿಂದ. ವೈದ್ಯೆಯವರ ಸೂಜಿಯ ಹಿಂತುದಿಯಲ್ಲಿ ಹನಿಯಾಗಿ ಕಾಣುವ ದ್ರವವೇ ಮೆದುಳನ್ನೂ ಸುತ್ತುವರಿದಿದೆ. ಮೆದುಳಿನ ಒಳಗಿನ ಕುಹರಗಳಲ್ಲಿ ಅದು ದಿನಕ್ಕೆ ಅರ್ಧ ಲೀಟರಿನಷ್ಟು ಹುಟ್ಟುತ್ತದೆ, ಅಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಮರಳುತ್ತದೆ. ಯಾವುದೇ ಗಳಿಗೆಯಲ್ಲಿ ಒಳಗಿರುವುದು ಸುಮಾರು 150 ಮಿಲಿಲೀಟರ್. ಅದರಲ್ಲಿ ಮುಳುಗಿದ ಮೆದುಳಿನ ತೂಕ 50 ಗ್ರಾಂ ಎನ್ನುವಷ್ಟಕ್ಕೆ ಇಳಿದಿರುತ್ತದೆ. ತಲೆಯ ಪೊರೆಗಳೂ ಬೆನ್ನಿನ ಪೊರೆಗಳೂ ಒಂದೇ ಚೀಲದ ಎರಡು ಭಾಗಗಳು, ಚೀಲದ ಕೆಳತುದಿ ತ್ರಿಕಾಸ್ಥಿಯ ಎರಡನೆಯ ತುಂಡಿನವರೆಗೂ ಇದೆ. ಹೀಗಾಗಿ ಸೊಂಟದಲ್ಲಿ ಸೂಜಿ ಮಾಡಿದ ತೂತಿನಿಂದ ದ್ರವ ಸೋರುತ್ತಿದ್ದರೆ ಅದರ ಪರಿಣಾಮ ತಲೆಗೆ ತಟ್ಟುತ್ತದೆ. ಎದ್ದು ಕುಳಿತಾಗ ತೇಲಿಕೆ ಸಾಲದೆ ಮೆದುಳು ತುಸು ಕೆಳಕ್ಕೆ ಜಗ್ಗುತ್ತದೆ. ಮೆದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ಎಚ್ಚರವಿರುವ ರೋಗಿಯೊಡನೆ ಮಾತನಾಡುತ್ತಲೇ ಮೆದುಳಿನ ಶಸ್ತ್ರಕ್ರಿಯೆ ಮಾಡಬಹುದಾಗಿರುವುದು ಅದರಿಂದಲೇ. ಆದರೆ ಅದನ್ನು ಹಿಡಿದಿರುವ ಪೊರೆಗೂ ರಕ್ತನಾಳಗಳಿಗೂ ನೋವು ಚೆನ್ನಾಗಿ ತಿಳಿಯುತ್ತದೆ. ಬಿಯರ್ ಅವರ ತಲೆನೋವು ಆ ಜಗ್ಗುವಿಕೆಯದು. ಈಗಿನ ಸೂಜಿಗಳು ಬಹಳ ತೆಳುವಾಗಿರುವುದರಿಂದ, ಕೆಲವಕ್ಕೆ ಪೊರೆಯನ್ನು ಕತ್ತರಿಸದೆ ಎಳೆಗಳನ್ನು ಸರಿಸಿ ಹೋಗುವ ಮೊನೆ ಇರುವುದರಿಂದ, ಅದು ಮೊದಲಿನಷ್ಟು ಕಾಣುವುದಿಲ್ಲ.

ಮೇಲ್ತುದಿಯ ಬಗ್ಗೆಯೂ ಸ್ವಲ್ಪ ಹೇಳಿಬಿಡುತ್ತೇನೆ. ಬುರುಡೆಯ ತಳದಲ್ಲಿ ಒಂದು ದೊಡ್ಡ ರಂಧ್ರವಿದೆ, ಹುರಿ ಅಲ್ಲಿ ಒಳಹೊಕ್ಕು ಮೆಡುಲ್ಲಾ ಎನಿಸಿಕೊಳ್ಳುತ್ತದೆ. ಅದರ ಮೇಲೆ ಪಾನ್ಸ್, ಅದರ ಮೇಲೆ ನಡುಮೆದುಳು. ಮೂರೂ ಸೇರಿ ಹೆಬ್ಬೆರಳಿನ ಗಾತ್ರದ ಮೆದುಳುಕಾಂಡ. ಉಸಿರಿನ ಲಯ ಹುಟ್ಟುವುದೂ ಹೃದಯಬಡಿತಕ್ಕೆ ಲಗಾಮು ಇರುವುದೂ ಅಲ್ಲಿ. ಹಿಂದುಗಡೆ ಕಿರುಮೆದುಳು. ಅದು ಮೆದುಳಿನ ತೂಕದ ಹತ್ತನೆಯ ಒಂದು ಭಾಗದಷ್ಟೇ ಇದ್ದರೂ, 2009ರಲ್ಲಿ ಪ್ರಕಟವಾದ ಎಣಿಕೆಯೊಂದರಂತೆ ಮೆದುಳಿನ ಒಟ್ಟು 8600 ಕೋಟಿ ನರಕೋಶಗಳಲ್ಲಿ ಸುಮಾರು 6900 ಕೋಟಿ ಅಲ್ಲಿವೆ. ಎಲ್ಲದರ ಮೇಲೆ ಎರಡು ಅರ್ಧಗೋಳಗಳ ಮುಮ್ಮೆದುಳು. ಅದರ ಹೊರಪದರ 2ರಿಂದ 4 ಮಿಲಿಮೀಟರ್ ದಪ್ಪದ ಬೂದು ಹಾಸು, ಒಳಗೆ ಬಿಳಿಯ ತಂತುಗಳು. ಹುರಿಯಲ್ಲಿ ಇದು ತಿರುಗುಮುರುಗು: ಬೂದು ಭಾಗ ಒಳಗೆ ಚಿಟ್ಟೆಯ ಆಕಾರದಲ್ಲಿ, ಬಿಳಿ ಹೊರಗೆ. ಪರೀಕ್ಷೆಯಲ್ಲಿ ಮಕ್ಕಳು ಇದನ್ನೇ ಅದಲುಬದಲು ಮಾಡುತ್ತಾರೆ, ಅಲ್ಲವೇ ಮೇಷ್ಟ್ರೇ?

ಸಾಗರದ ಓದುಗ

ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದಾಗ ಬಲಗೈ ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ರಕ್ತ ಹೆಪ್ಪುಗಟ್ಟಿದ್ದು ಮೆದುಳಿನ ಎಡಭಾಗದಲ್ಲಿ ಎಂದಾಗ ನಾವು ವರದಿಯೇ ತಪ್ಪೆಂದು ವಾದಿಸಿದ್ದೆವು. ಈ ಅಡ್ಡದಾಟು ನಡೆಯುವುದು ಹುರಿಯಲ್ಲೋ ಮೆದುಳಿನಲ್ಲೋ?

ನಿವೃತ್ತ ಅಂಗರಚನಾ ಬೋಧಕ

ಅಪ್ಪಣೆ ಹೊತ್ತು ಕೆಳಗಿಳಿಯುವ ತಂತುಗಳಲ್ಲಿ ಶೇ 85ರಿಂದ 90ರಷ್ಟು ಮೆಡುಲ್ಲಾದ ಕೆಳಭಾಗದಲ್ಲಿ, ಹುರಿ ಆರಂಭವಾಗುವ ಸ್ವಲ್ಪ ಮೇಲೆ, ಪಕ್ಕ ಬದಲಿಸುತ್ತವೆ. ಸೂಕ್ಷ್ಮ ಸ್ಪರ್ಶದ ಸುದ್ದಿ ತರುವ ದಾರಿಯೂ ಮೆಡುಲ್ಲಾದಲ್ಲೇ ದಾಟುತ್ತದೆ. ನೋವು ಮತ್ತು ಬಿಸಿ-ತಂಪಿನ ಸುದ್ದಿ ಮಾತ್ರ ಅಷ್ಟು ಕಾಯದೆ ಹುರಿಯನ್ನು ಹೊಕ್ಕ ಜಾಗದ ಹತ್ತಿರವೇ ಆಚೆ ಪಕ್ಕಕ್ಕೆ ಹೋಗಿಬಿಡುತ್ತದೆ. ಇದರಿಂದಾಗಿ ಹುರಿಯ ಬಲ ಅರ್ಧಕ್ಕೆ ಮಾತ್ರ ಗಾಯವಾದರೆ ಬಲಗಾಲಿನ ಶಕ್ತಿ ಹೋಗುತ್ತದೆ, ನೋವಿನ ಅರಿವು ಹೋಗುವುದು ಎಡಗಾಲಿನದು. ಮಾತಿನ ವಿಷಯ ಬೇರೆ. ಹೆಚ್ಚಿನವರಲ್ಲಿ ಮಾತಿನ ಕೇಂದ್ರಗಳು ಎಡ ಅರ್ಧಗೋಳದಲ್ಲೇ ಇರುತ್ತವೆ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮೆದುಳನ್ನು ಆತ ತೀರಿದ ಮೇಲೆ ಪರೀಕ್ಷಿಸಿ, ಎಡ ಮುಂಭಾಗದ ಗಾಯವನ್ನು ತೋರಿಸಿಕೊಟ್ಟರು. ನಿಮ್ಮ ದೊಡ್ಡಪ್ಪನ ವರದಿ ಸರಿಯಾಗಿಯೇ ಇತ್ತು.

ಬೆಳಗಾವಿಯ ಫಿಸಿಯೊಥೆರಪಿಸ್ಟ್

ಮೂಲ ಪ್ರಶ್ನೆಯಲ್ಲಿದ್ದ ಡಿಸ್ಕ್ ಮೂಲೆಗೆ ಬಿದ್ದಿದೆ, ಅದನ್ನು ನಾನು ಎತ್ತಿಕೊಳ್ಳುತ್ತೇನೆ.

‘ಡಿಸ್ಕ್ ಜಾರಿದೆ’ ಎಂಬ ಮಾತನ್ನು ಕೇಳಿದವರು, ತಟ್ಟೆಯೊಂದು ಜಾಗ ಬಿಟ್ಟು ಹೊರಬಂದಿದೆ, ಯಾರಾದರೂ ಒತ್ತಿ ಒಳಗೆ ಕೂರಿಸಬಹುದು ಎಂದು ಭಾವಿಸುತ್ತಾರೆ. ಹಾಗೆ ಒತ್ತಿಸಿಕೊಂಡು, ತುಳಿಸಿಕೊಂಡು ಬಂದವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ಡಿಸ್ಕ್ ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಭದ್ರವಾಗಿ ಅಂಟಿಕೊಂಡಿರುತ್ತದೆ, ಜಾರುವ ಮಾತೇ ಇಲ್ಲ. ಅದರ ಹೊರಗೆ ಈರುಳ್ಳಿಯ ಪದರಗಳಂತೆ ಸುತ್ತಿದ ಗಟ್ಟಿ ನಾರಿನ ಬಳೆ, ಒಳಗೆ ನೀರು ಹಿಡಿದಿಡುವ ಲೋಳೆಯಂಥ ತಿರುಳು. ದಿನವಿಡೀ ನಿಂತು ಕುಳಿತು ಮಾಡುವಾಗ ಆ ನೀರು ಹಿಂಡಿಹೋಗಿ, ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ನಾವು ರಾತ್ರಿಗಿಂತ ಒಂದೆರಡು ಸೆಂಟಿಮೀಟರ್ ಎತ್ತರವಿರುವುದು ಇದರಿಂದಲೇ. ವಯಸ್ಸಾದಂತೆ ತಿರುಳು ಒಣಗುತ್ತದೆ, ಬಳೆ ಸಡಿಲವಾಗಿ ಸುತ್ತಲೂ ಉಬ್ಬುತ್ತದೆ. ಕೆಲವೊಮ್ಮೆ ಬಳೆ ಹರಿದು ತಿರುಳು ಹಿಂಬದಿಗೆ ಚಿಮ್ಮಿ ನರಬೇರನ್ನು ಒತ್ತುತ್ತದೆ. ಕಾಲಿನ ಸೆಳೆತಕ್ಕೆ ಈ ಚಿಮ್ಮಿದ ತಿರುಳು ಕಾರಣ ಎಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸುವವರೆಗೆ ಆ ನೋವಿನ ಮೂಲದ ಬಗ್ಗೆ ನಾನಾ ಊಹೆಗಳಿದ್ದವು. ನೋವನ್ನಂತೂ ಎಲ್ಲರೂ ಬಲ್ಲರು: ಆಯುರ್ವೇದ ಅದನ್ನು ಗೃಧ್ರಸಿ ಎಂದು ಕರೆದದ್ದು ರೋಗಿಯ ನಡಿಗೆ ಹದ್ದಿನಂತಾಗುತ್ತದೆ ಎಂದು.

ಇನ್ನು ಎಲ್4–ಎಲ್5. ಅಲ್ಲಿನ ಡಿಸ್ಕ್ ಉಬ್ಬಿದರೆ ನಾಲ್ಕನೆಯ ನರ ಸಿಕ್ಕಿಬೀಳಬೇಕಲ್ಲವೇ ಎನ್ನಿಸುತ್ತದೆ. ಆದರೆ ನಾಲ್ಕನೆಯ ನರ ಡಿಸ್ಕಿನ ಮಟ್ಟಕ್ಕೆ ಬರುವ ಮೊದಲೇ, ಕಿಂಡಿಯ ಮೇಲ್ಭಾಗದಿಂದ ಹೊರಟುಹೋಗಿರುತ್ತದೆ. ಕೆಳಗಿನ ಕಿಂಡಿಗೆ ಹೋಗಲೆಂದು ಡಿಸ್ಕಿನ ಬೆನ್ನ ಹಿಂದೆಯೇ ಹಾಯುವ ಐದನೆಯ ನರ ಸಾಮಾನ್ಯವಾಗಿ ಒತ್ತಡಕ್ಕೆ ಸಿಗುತ್ತದೆ. ಆದ್ದರಿಂದ ನಾವು ಪರೀಕ್ಷೆಯಲ್ಲಿ ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳುತ್ತೇವೆ, ಪಾದದ ಮೇಲ್ಭಾಗದ ಸ್ಪರ್ಶವನ್ನು ನೋಡುತ್ತೇವೆ; ಅವು ಐದನೆಯ ನರದ ಕೆಲಸ. ಅದರ ಕೆಳಗಿನ ಡಿಸ್ಕ್ ಆದರೆ ಹಿಮ್ಮಡಿಯ ಹಿಂದೆ ಸುತ್ತಿಗೆ ತಟ್ಟಿದಾಗ ಬರಬೇಕಾದ ಎಗರು ಕಡಿಮೆಯಾಗಿರುತ್ತದೆ.

ಕಿರಿಮಗಳೇ, ವರದಿಯಲ್ಲಿ ಉಬ್ಬು ಎಂದಿರುವುದೇ ಕಾಯಿಲೆಯಲ್ಲ. ನೋವೇ ಇಲ್ಲದ ಜನರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, 20 ವರ್ಷದವರಲ್ಲೇ ಸುಮಾರು ಶೇ 30 ಮಂದಿಗೆ, 80 ವರ್ಷದವರಲ್ಲಿ ಶೇ 84 ಮಂದಿಗೆ ಡಿಸ್ಕ್ ಉಬ್ಬಿತ್ತು. ಚಿಮ್ಮಿದ ತಿರುಳನ್ನೂ ದೇಹ ಎಷ್ಟೋ ಬಾರಿ ತಿಂಗಳುಗಳಲ್ಲಿ ತಾನೇ ಕರಗಿಸಿಕೊಳ್ಳುತ್ತದೆ. ಕಾಯಲೇಬಾರದ ಸಂದರ್ಭ ಒಂದಿದೆ: ದೊಡ್ಡ ತುಂಡು ಹಿಂದಕ್ಕೆ ಬಂದು ಇಡೀ ಕುದುರೆಬಾಲವನ್ನೇ ಅಮುಕಿದಾಗ. ಸೈಕಲ್ ಸೀಟಿಗೆ ತಾಗುವಷ್ಟು ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಎರಡೂ ಕಾಲುಗಳು ಸೋಲುವುದು, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎನ್ನಬಾರದು.

ದಾವಣಗೆರೆಯ ಕಿರಿಮಗಳು

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ನಿನ್ನೆ ರಾತ್ರಿ ಅಮ್ಮನ ಪಕ್ಕ ಕುಳಿತು ಇಡೀ ಚರ್ಚೆಯನ್ನು ಓದಿ ಹೇಳಿದೆ. ಗಿಣ್ಣಿನ ಮಾತು ಬಂದಾಗ ‘ಇನ್ನು ಮೇಲೆ ಗಿಣ್ಣು ತಿನ್ನುವುದು ಹೇಗೆ’ ಎಂದು ಬೈದರು. ಆಮೇಲೆ ತಾವೇ ಸೊಂಟದ ಎರಡೂ ಬದಿ ಕೈಯಿಟ್ಟು ಗೆರೆ ಹುಡುಕಿ, ಬೆನ್ನಿನ ಗಂಟುಗಳನ್ನು ನನ್ನಿಂದ ಎಣಿಸಿದರು. ಈಗ ಒಪ್ಪಿಗೆಯ ಹಾದಿಗೆ ಬಂದಿದ್ದಾರೆ, ಆದರೆ ಒಂದು ಪ್ರಶ್ನೆಯನ್ನು ಇಲ್ಲಿ ಕೇಳಲೇಬೇಕೆಂದಿದ್ದಾರೆ: ಔಷಧ ದ್ರವದಲ್ಲಿ ಮೇಲಕ್ಕೆ ಏರುವುದಾದರೆ ಉಸಿರೂ ಮರಗಟ್ಟಿದರೆ ಏನು ಗತಿ?

ಅಕ್ಕ ಮಾತ್ರ ಇನ್ನೂ ಸೂಜಿಯನ್ನೇ ದೂರುತ್ತಿದ್ದಾಳೆ. ಅವಳನ್ನು ಪರೀಕ್ಷೆಗೆ ಕರೆದೊಯ್ಯುವುದು ಮುಂದಿನ ಕೆಲಸ.

ಹುಬ್ಬಳ್ಳಿಯ ಅರಿವಳಿಕೆ ವೈದ್ಯೆ

ಅಮ್ಮ ಕೇಳಿರುವುದು ನಮ್ಮ ಪರೀಕ್ಷೆಗಳಲ್ಲಿ ಕೇಳುವ ಪ್ರಶ್ನೆ. ಉಸಿರಾಟದ ಮುಖ್ಯ ಸ್ನಾಯು ವಪೆ ಇರುವುದು ಎದೆ ಮತ್ತು ಹೊಟ್ಟೆಯ ನಡುವೆ, ಆದರೆ ಅದರ ನರ ಹೊರಡುವುದು ಕತ್ತಿನಿಂದ, ಮೂರು, ನಾಲ್ಕು ಮತ್ತು ಐದನೆಯ ನರಬೇರುಗಳಿಂದ. ಭ್ರೂಣದಲ್ಲಿ ವಪೆ ರೂಪುಗೊಳ್ಳಲು ತೊಡಗುವುದು ಕತ್ತಿನ ಮಟ್ಟದಲ್ಲೇ. ಆಮೇಲೆ ಕೆಳಗಿಳಿಯುವಾಗ ನರವನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಎತ್ತರದಿಂದ ಬಿದ್ದು ಕತ್ತಿನ ಮೇಲ್ಭಾಗ ಮುರಿದವರು ಉಸಿರು ನಿಂತು ಸಾಯುವುದಕ್ಕೂ, ಅದಕ್ಕಿಂತ ಕೆಳಗೆ ಮುರಿದವರು ಕೈಕಾಲು ಆಡದಿದ್ದರೂ ಉಸಿರಾಡುವುದಕ್ಕೂ ಇದೇ ಕಾರಣ. ಮಂಡಿಯ ಶಸ್ತ್ರಕ್ರಿಯೆಗೆ ಮರಗಟ್ಟು ಹೊಕ್ಕುಳಿನ ಆಸುಪಾಸಿಗೆ ಬಂದರೆ ಸಾಕು, ಅಲ್ಲಿಂದ ಕತ್ತಿಗೆ ಬಹಳ ದೂರವಿದೆ. ಮರಗಟ್ಟು ಎದೆಯವರೆಗೆ ಏರಿದರೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸಡಿಲಗೊಂಡು ಉಸಿರು ಸಾಲದಂತೆ ಅನ್ನಿಸಬಹುದು, ವಪೆ ಮಾತ್ರ ತನ್ನ ಕೆಲಸ ಮಾಡುತ್ತಿರುತ್ತದೆ. ಅದನ್ನೂ ಮೀರಿ ಏರುವುದು ಅಪರೂಪ. ಏರಿದರೂ ಔಷಧದ ಶಕ್ತಿ ಇಳಿಯುವವರೆಗೆ ಉಸಿರು ಕೊಡಲು ಬೇಕಾದ ಯಂತ್ರವೂ ಕೊಡಲು ಬಲ್ಲವರೂ ಅಮ್ಮನ ತಲೆಯ ಹತ್ತಿರವೇ ಇರುತ್ತಾರೆ. ಅವರಿಗೆ ಹೇಳಿ, ಆ ದಿನ ಬೆನ್ನನ್ನು ಚೆನ್ನಾಗಿ ಬಿಲ್ಲಿನಂತೆ ಬಾಗಿಸಿದರೆ ಚುಚ್ಚುವವರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.